ಅಂಕ ಎಲ್ಲಿ ಕೇಳುತ್ತಾರೆ, ಎಲ್ಲಿ ಕೇಳುವುದಿಲ್ಲ

'ಇಲ್ಲೇ ಡಿಗ್ರಿ ಮಾಡಿದ್ರೆ ಯಾರು ಕೆಲ್ಸ ಕೊಡ್ತಾರೆ?' ಪಿಯುಸಿ ಫಲಿತಾಂಶ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಈ ಮಾತು ಶುರು. ಸಾಲ ಮಾಡಿಯಾದರೂ ಮಕ್ಕಳನ್ನು ಘಟ್ಟದ ಕೆಳಗೋ ಬೆಂಗಳೂರಿಗೋ ಕಳಿಸಬೇಕೆಂಬ ತೀರ್ಮಾನವೂ ಅದರ ಬೆನ್ನಿಗೇ ಬರುತ್ತದೆ.

ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಹೊಸನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಮೂರರ ವಿದ್ಯಾರ್ಥಿಗಳಿಗೂ ಪದವಿ ಕೊಡುವುದು 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ. ಐಎಎಸ್, ಕೆಎಎಸ್, ಬ್ಯಾಂಕ್ ಅಧಿಕಾರಿ ಪರೀಕ್ಷೆಗಳು ಕೇಳುವುದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿಯನ್ನು. ಕಾಲೇಜು ಯಾವ ಊರಲ್ಲಿದೆ ಎಂಬುದು ಅವಕ್ಕೆ ಬೇಕಿಲ್ಲ. ಆದರೆ ಖಾಸಗಿ ಕಂಪನಿಗಳ ಕ್ಯಾಂಪಸ್ ಸಂದರ್ಶನದ ವಿಷಯ ಬೇರೆ. ಅವು ಒಂದೇ ಕಡೆ ನೂರಾರು ಮಂದಿ ಸಿಗುವ ದೊಡ್ಡ ಊರಿನ ಕಾಲೇಜುಗಳನ್ನೇ ಹುಡುಕುತ್ತವೆ. ಹೆತ್ತವರ ಅಳಲಿನಲ್ಲಿ ಅಷ್ಟು ನಿಜವಿದೆ.

ಹೆಚ್ಚು ಗೊಂದಲವಿರುವುದು ಅಂಕದ ಬಗ್ಗೆ. ಡಿಸ್ಟಿಂಕ್ಷನ್ ಬಂದರೆ ನೌಕರಿ ಗ್ಯಾರಂಟಿ ಎನ್ನುವವರು ಒಂದು ಕಡೆ, ಪಾಸಾದರೆ ಸಾಕು ಎನ್ನುವವರು ಇನ್ನೊಂದು ಕಡೆ. ಮೊದಲನೆಯ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಗ್ರಾಮ ಲೆಕ್ಕಿಗರ ಹುದ್ದೆ ಬಹುಕಾಲ ಪಿಯುಸಿ ಅಂಕದ ಮೇಲೆಯೇ ಸಿಗುತ್ತಿತ್ತು. 2024ರ ನೇಮಕಾತಿಯಲ್ಲಿ ಪರೀಕ್ಷಾ ಪ್ರಾಧಿಕಾರ ಸ್ಪರ್ಧಾತ್ಮಕ ಪರೀಕ್ಷೆಯನ್ನೇ ನಡೆಸಿತು. ಹಳೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಬ್ಯಾಂಕ್ ಪರೀಕ್ಷೆಯ ಅಂತಿಮ ಪಟ್ಟಿಗೂ ಪದವಿಯ ಅಂಕ ಸೇರುವುದಿಲ್ಲ. ಹಾಗೆಂದು ಎರಡನೆಯ ಗುಂಪಿನವರು ಬೀಗಬೇಕಿಲ್ಲ. ಬಿ.ಎಡ್.ಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 50 ಬೇಕು. ಕಾಲೇಜು ಅಧ್ಯಾಪಕರಾಗಲು ಬರೆಯುವ ಕೆ-ಸೆಟ್, ನೆಟ್ ಪರೀಕ್ಷೆಗಳಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಇರಲೇಬೇಕು, ಮೀಸಲು ವರ್ಗಕ್ಕೆ 50. ಶೇ. 54 ತೆಗೆದ ಸಾಮಾನ್ಯ ವರ್ಗದ ಹುಡುಗಿ ಎಷ್ಟೇ ಚೆನ್ನಾಗಿ ಪಾಠ ಮಾಡಬಲ್ಲವಳಾದರೂ ಅರ್ಜಿಯೇ ನಿಲ್ಲುವುದಿಲ್ಲ. ಇದನ್ನು ಮೊದಲ ಸೆಮಿಸ್ಟರಿನಲ್ಲೇ ಹೇಳುವವರು ಬೇಕು.

ಕನ್ನಡ ಮಾಧ್ಯಮದವರಿಗೆ ಬ್ಯಾಂಕ್ ದಕ್ಕದು ಎಂಬುದೂ ಹಳೆಯ ಮಾತಾಯಿತು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಲು ಕೇಂದ್ರ ಸರ್ಕಾರ ಒಪ್ಪಿದ್ದು 2021ರಲ್ಲಿ. ಆದರೂ ಅದರಲ್ಲಿ ಇಂಗ್ಲಿಷಿನದೇ ಒಂದು ಭಾಗ ಉಂಟು. ಆ ಭಾಗಕ್ಕೆ ಓದದೆ ಗತಿಯಿಲ್ಲ.

ಓದಿದ ವಿಷಯದಲ್ಲೇ ಬದುಕಬೇಕೆಂಬ ಹಟಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲೇ ಉತ್ತರವಿದೆ. ಅಲ್ಲಿ ಹುಟ್ಟಿದ ಗಿರೀಶ್ ಕಾಸರವಳ್ಳಿ ಮಣಿಪಾಲದಲ್ಲಿ ಓದಿದ್ದು ಫಾರ್ಮಸಿ. ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆ ಸೇರಿದರು. ಅವರ 1977ರ 'ಘಟಶ್ರಾದ್ಧ' ಚಿತ್ರಕ್ಕೆ ಸ್ವರ್ಣಕಮಲ ಬಂತು. ಎಲ್ಲರೂ ಕಾಸರವಳ್ಳಿ ಆಗುವುದಿಲ್ಲ, ಸರಿ. ಆದರೆ ಫಾರ್ಮಸಿಯ ಪದವಿ ಅವರ ದಾರಿಗೆ ಅಡ್ಡ ಬರಲಿಲ್ಲ.

ಇನ್ನು, ಓದಿ ಮನೆಗೆ ಮರಳಿದವನು ಸೋತವನು ಎಂಬ ಮಾತು. ಮೈಸೂರಿನಲ್ಲಿ ಓದಿದ ಕೆ.ವಿ. ಸುಬ್ಬಣ್ಣ ಸಾಗರದ ಪಕ್ಕದ ಹೆಗ್ಗೋಡಿನಲ್ಲೇ ನೆಲೆಸಿ ನೀನಾಸಂ ರಂಗಸಂಸ್ಥೆಯನ್ನು ಬೆಳೆಸಿದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಆ ಹಳ್ಳಿಗೇ ಬಂತು. ಈ ಉದಾಹರಣೆಯನ್ನು ಎಲ್ಲರಿಗೂ ಒಪ್ಪಿಸಲು ನನಗೆ ಮನಸ್ಸಿಲ್ಲ. ಅಡಿಕೆ ತೋಟ ಇದ್ದವರಿಗೆ ಮರಳುವುದು ಒಂದು ಆಯ್ಕೆ. ತುಂಡು ಜಮೀನಿನ ಮನೆಯ ಮಗಳಿಗೆ ಸಂಬಳವೇ ಮೊದಲು.

ಸಂಬಳ ಬರುವ ತನಕ ಯುವನಿಧಿ ಇದೆಯಲ್ಲ ಎನ್ನುತ್ತಾರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಚಾಲನೆ ಪಡೆದ ಯೋಜನೆಯಾದ್ದರಿಂದ ನಮ್ಮ ಕಡೆ ಅದರ ಮಾತು ಜಾಸ್ತಿ. ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ ನಿಜ. ಆದರೆ ಪಾಸಾಗಿ ಆರು ತಿಂಗಳು ಕೆಲಸ ಸಿಗದಿದ್ದವರಿಗೆ ಮಾತ್ರ, ಅದೂ ಹೆಚ್ಚೆಂದರೆ 2 ವರ್ಷ. ಎಂ.ಎ. ಸೇರಿ ಓದು ಮುಂದುವರಿಸಿದವರಿಗೆ ಅದು ಸಿಗುವುದಿಲ್ಲ.