ದುಡ್ಡು ಹಾಕುವ ಮೊದಲು ಒಂದು ಹಾಳೆ, ನಾಲ್ಕು ಮನೆ



ಗುಮಾಸ್ತನಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರ ಲೆಕ್ಕ ಬರೆದೆ. ನನ್ನದೇ ಲೆಕ್ಕ ಬಂದಾಗ ಮಾತ್ರ ಬರೆಯಲಿಲ್ಲ. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ತಮ್ಮನ ಮಗನ ಜೊತೆ ಸೇರಿ ಬಟ್ಟೆ ಅಂಗಡಿಗೆ ಹಾಕಿದೆ. ಜಾಗ ಚೆನ್ನಾಗಿದೆ, ದೀಪಾವಳಿ ಹತ್ತಿರ ಬಂತು ಎಂಬುದಷ್ಟೇ ನಮ್ಮ ವಿಚಾರವಾಗಿತ್ತು. ಹದಿನಾಲ್ಕು ತಿಂಗಳಿಗೆ ಬಾಗಿಲು ಹಾಕಿದೆವು. ಈಚೆಗೆ ಹಲವು ಸದಸ್ಯರು ಸಾಲ ತೆಗೆಯಲೇ, ಅಂಗಡಿ ಹಾಕಲೇ ಎಂದು ಕೇಳುತ್ತಿದ್ದಾರೆ. ನಾನು ತಡವಾಗಿ ಕಲಿತದ್ದನ್ನು ಅವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ವಿಧಾನಕ್ಕೆ 'ಸ್ವಾಟ್' ಎನ್ನುತ್ತಾರೆ. ಒಂದು ಹಾಳೆಯಲ್ಲಿ ನಾಲ್ಕು ಮನೆ ಎಳೆಯಿರಿ. ಮೇಲಿನ ಎರಡು ಮನೆಗಳಲ್ಲಿ ನಮ್ಮ ಬಲ, ನಮ್ಮ ಕೊರತೆ. ಕೆಳಗಿನ ಎರಡರಲ್ಲಿ ಅವಕಾಶ, ಅಪಾಯ. ಮೇಲಿನವು ನಮ್ಮ ಕೈಯಲ್ಲಿರುವ ಸಂಗತಿಗಳು. ಕೆಳಗಿನವು ಹೊರಗಿನವು, ನಾವು ಬೇಡವೆಂದರೂ ಬರುವಂಥವು. ಈ ಭೇದ ತಪ್ಪಬಾರದು. 'ಸಾಲ ಸಿಗುತ್ತದೆ' ಎಂದು ಬಲದ ಮನೆಯಲ್ಲಿ ಬರೆಯುವವರೇ ಹೆಚ್ಚು. ಸಾಲ ತೀರಿಸಬೇಕಾದ ಹಣ, ಅದು ನಮ್ಮ ಬಲವಲ್ಲ.

ಒಂದು ಉದಾಹರಣೆ ನೋಡೋಣ. ಅಕ್ಕಲಕೋಟದಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕನವರು ಸಾಲ ಮಾಡಿ ರೊಟ್ಟಿ ಯಂತ್ರ ತರುವ ಯೋಚನೆಯಲ್ಲಿದ್ದಾರೆ ಎನ್ನಿ.

ಬಲ: ಕೈರೊಟ್ಟಿಯ ರುಚಿ, ಖಾಯಂ ಗಿರಾಕಿಗಳು, ಬೇಗ ಕೆಡದ ಪದಾರ್ಥ.
ಕೊರತೆ: ಆಹಾರ ಸುರಕ್ಷತಾ ನೋಂದಣಿ ಇಲ್ಲ, ಜೋಳವನ್ನು ವಾರವಾರಕ್ಕೆ ಚಿಲ್ಲರೆ ದರದಲ್ಲಿ ಕೊಳ್ಳುತ್ತಾರೆ.
ಅವಕಾಶ: ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರು, ಪುಣೆಯ ಅಂಗಡಿಗಳ ಬೇಡಿಕೆ.
ಅಪಾಯ: ಮಳೆ ಕೈಕೊಟ್ಟರೆ ಏರುವ ಜೋಳದ ದರ, ಕಡಿಮೆ ಬೆಲೆಯ ಯಂತ್ರದ ರೊಟ್ಟಿ.

ಬಹಳ ಜನ ಇಷ್ಟು ಬರೆದು ಹಾಳೆ ಮಡಚಿಡುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಮುಂದಿದೆ. ಮೇಲಿನ ಮನೆಗಳನ್ನು ಕೆಳಗಿನವುಗಳ ಜೊತೆ ಜೋಡಿಸಬೇಕೆಂದು ಹೈಂಜ್ ವೈರಿಖ್ ಎಂಬ ಪ್ರಾಧ್ಯಾಪಕರು 1982ರಲ್ಲಿ ಬರೆದರು. ಜೋಡಿಸಿ ನೋಡಿ. ಬೇಗ ಕೆಡದ ರೊಟ್ಟಿ, ಊರಿಗೆ ಮರಳುವ ಭಕ್ತರು: ಐದೈದು ರೊಟ್ಟಿಯ ಸಣ್ಣ ಪ್ಯಾಕೆಟ್, ಜೊತೆಗೆ ಶೇಂಗಾ ಚಟ್ನಿ. ನೋಂದಣಿಯ ಕೊರತೆ, ಪುಣೆಯ ಬೇಡಿಕೆ: ಮೊದಲು ನೋಂದಣಿ ಮಾಡಿಸುವುದು. ಚಿಲ್ಲರೆ ಖರೀದಿ, ದರ ಏರುವ ಭಯ: ಹಿಂಗಾರಿ ಜೋಳದ ಸುಗ್ಗಿಯಲ್ಲೇ ಕೆಲವು ಚೀಲ ಕೊಂಡಿಡುವುದು. ಕೈರೊಟ್ಟಿಯ ರುಚಿ, ಯಂತ್ರದ ಪೈಪೋಟಿ: ಪ್ಯಾಕೆಟ್ಟಿನ ಮೇಲೆ 'ಕೈರೊಟ್ಟಿ' ಎಂದೇ ಬರೆಯುವುದು. ಈ ನಾಲ್ಕರಲ್ಲಿ ಒಂದಕ್ಕೂ ಯಂತ್ರ ಬೇಕಾಗಿಲ್ಲ ಎಂಬುದು ಹಾಳೆಯೇ ಹೇಳುತ್ತದೆ.

ಆದರೂ ಯಂತ್ರ ಬೇಕೆನಿಸಿದರೆ ಹಾಳೆಯ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿ. ಅಂಕಿಗಳು ಕೇವಲ ಉದಾಹರಣೆಗೆ. ಒಂದು ರೊಟ್ಟಿಗೆ ಹಿಟ್ಟು, ಗ್ಯಾಸು, ಪ್ಯಾಕಿಂಗ್ ಸೇರಿ 6 ರೂಪಾಯಿ ಖರ್ಚು. ಮಾರುವುದು 9ಕ್ಕೆ. ಉಳಿಯುವುದು 3. ಯಂತ್ರದ ಕಂತು, ಬಾಡಿಗೆ, ಆಳಿನ ಸಂಬಳ ಸೇರಿ ತಿಂಗಳಿಗೆ 18,000 ರೂಪಾಯಿ. 18,000ವನ್ನು 3ರಿಂದ ಭಾಗಿಸಿದರೆ 6,000 ರೊಟ್ಟಿ. 26 ದಿನದ ದುಡಿಮೆಗೆ ದಿನಕ್ಕೆ ಸುಮಾರು 231. ಇಷ್ಟು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈಗ ಹೋಗುತ್ತಿರುವುದು ದಿನಕ್ಕೆ 150 ಆದರೆ ತಿಂಗಳಿಗೆ 6,300 ರೂಪಾಯಿ ಮನೆಯಿಂದ ತುಂಬಬೇಕು. ಯಂತ್ರದಿಂದ ರೊಟ್ಟಿ ಹೆಚ್ಚಬಹುದು, ಗಿರಾಕಿ ತಾನಾಗಿ ಹೆಚ್ಚುವುದಿಲ್ಲ. ಮೊದಲು ಗಿರಾಕಿ, ಆಮೇಲೆ ಯಂತ್ರ.

ಕೊನೆಯದಾಗಿ ಎರಡು ಮಾತು. ಕೊರತೆಯ ಮನೆಯನ್ನು ನೀವೊಬ್ಬರೇ ತುಂಬಬೇಡಿ. ಮನೆಯವರನ್ನು ಕೇಳಿ, ನಿಮಗೆ ಸಾಮಾನು ಕೊಡುವ ಅಂಗಡಿಯವರನ್ನು ಕೇಳಿ. ನಮ್ಮ ಬಟ್ಟೆ ಅಂಗಡಿಗೆ ಹೆಣ್ಣುಮಕ್ಕಳು ಬರುವುದಿಲ್ಲ, ಒಳಗೆ ಕೂತು ಸೀರೆ ನೋಡಲು ಜಾಗವೇ ಇಲ್ಲ ಎಂದು ನನ್ನ ಹೆಂಡತಿ ಮೊದಲ ದಿನವೇ ಹೇಳಿದ್ದಳು. ನಾನು ಬರೆದುಕೊಳ್ಳಲಿಲ್ಲ. ಇನ್ನೊಂದು, ಹಾಳೆಯ ಮೇಲೆ ತಾರೀಖು ಹಾಕಿ. ಆರು ತಿಂಗಳಿಗೊಮ್ಮೆ ತೆಗೆದು ನೋಡಿ, ಬದಲಾದದ್ದನ್ನು ತಿದ್ದಿ.

ಹೊಸ ಕೆಲಸಕ್ಕೆ ಕೈಹಾಕುವ ಸದಸ್ಯರು ಹಾಳೆ ಬರೆದು ತಂದರೆ ಸಂಘದ ಕಚೇರಿಯಲ್ಲಿ ಕೂತು ಜೊತೆಯಾಗಿ ನೋಡೋಣ. ಚಹಾ ಸಂಘದ್ದು, ತೀರ್ಮಾನ ನಿಮ್ಮದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ