ಹೆಡ್‌ಫೋನ್ ಹಾಕ್ಕೊಂಡು ಮಲಗಿದ್ರೆ ಓದಿದ್ದು ನೆನಪಿರುತ್ತಾ? ಸದ್ದು–ಮಿದುಳಿನ ನಂಟು ಹೀಗಿದೆ

ಪರೀಕ್ಷೆ ಹತ್ತಿರ ಬಂದರೆ ಸಾಕು, ಯೂಟ್ಯೂಬ್‌ನಲ್ಲಿ ‘ಮೆಮೊರಿ ಪವರ್ ಮ್ಯೂಸಿಕ್’ ಹುಡುಕಿ ರಾತ್ರಿಯಿಡೀ ಕಿವಿಗೆ ಹಾಕ್ಕೊಂಡು ಮಲಗುವವರಿದ್ದಾರೆ. ಇದರಲ್ಲಿ ಹುರುಳಿದೆಯಾ? ಸ್ವಲ್ಪ ಇದೆ. ಆದರೆ ಅದು ಫೋನಿನ ಆಡಿಯೋದಲ್ಲಿ ಸಿಗೋದು ಕಷ್ಟ.

ಮಿದುಳಿಗೂ ತಾಳ ಇದೆ

ನರಕೋಶಗಳು ಗುಂಪಾಗಿ ಕೆಲಸ ಮಾಡುವಾಗ ವಿದ್ಯುತ್ ಅಲೆಗಳು ಏಳುತ್ತವೆ. ತಲೆಗೆ ಎಲೆಕ್ಟ್ರೋಡ್ ಇಟ್ಟು ಅವನ್ನು ದಾಖಲಿಸುವುದೇ ಇಇಜಿ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮೇಲೆ ಮೊದಲು ಇದನ್ನು ಮಾಡಿದರು. ಗಾಢ ನಿದ್ದೆಯಲ್ಲಿ ಅಲೆಗಳು ನಿಧಾನವಾಗುತ್ತವೆ, ಸೆಕೆಂಡಿಗೆ ಸುಮಾರು ಒಂದು. ಹಗಲು ಕಲಿತದ್ದು ಗಟ್ಟಿಯಾಗೋಕೆ ಈ ನಿದ್ದೆ ಬೇಕು.

ಹೊತ್ತು ತಪ್ಪಿದ್ರೆ ಲಾಭ ಇಲ್ಲ

2013ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿಗೆ ಸಂಜೆ ಪದಗಳ ಜೋಡಿ ಕಲಿಸಿ ಮಲಗಿಸಿದರು. ಇಇಜಿ ನೋಡುತ್ತಾ, ಅಲೆ ಮೇಲೇಳುವ ಕ್ಷಣಕ್ಕೆ ಸರಿಯಾಗಿ ಚಿಕ್ಕದೊಂದು ಸದ್ದು ಕೇಳಿಸಿದರು. ಅಲೆಗಳು ಬಲವಾದವು. ಸದ್ದಿಲ್ಲದೆ ಮಲಗಿದ ರಾತ್ರಿಗಿಂತ ಹೆಚ್ಚು ಜೋಡಿಗಳು ಬೆಳಿಗ್ಗೆ ನೆನಪಿದ್ದವು. ಅದೇ ಸದ್ದನ್ನು ಅಲೆಗೆ ಹೊಂದದಂತೆ ಕೇಳಿಸಿದಾಗ ಪ್ರಯೋಜನ ಆಗಲಿಲ್ಲ. ಉಯ್ಯಾಲೆ ತೂಗಿದ ಹಾಗೆ ಇದು: ಸರಿಯಾದ ಹೊತ್ತಿಗೆ ತಳ್ಳಿದರೆ ಮಾತ್ರ ಜೋರಾಗುತ್ತೆ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 2017ರಲ್ಲಿ 60ರಿಂದ 84 ವಯಸ್ಸಿನ 13 ಮಂದಿಯ ಮೇಲೆ ಇಂಥದ್ದೇ ಪ್ರಯೋಗ ಮಾಡಿದಾಗಲೂ ನೆನಪು ಸುಧಾರಿಸಿತ್ತು. ಆದರೆ ಎರಡೂ ಸಣ್ಣ ಪ್ರಯೋಗಗಳು.

ಮರೆವಿನ ಕಾಯಿಲೆಗೆ?

ಅಮೆರಿಕದ ಎಂಐಟಿ ತಂಡ 2019ರಲ್ಲಿ ಅಲ್ಝೈಮರ್ ಮಾದರಿಯ ಇಲಿಗಳಿಗೆ ದಿನಕ್ಕೊಂದು ಗಂಟೆಯಂತೆ ವಾರವಿಡೀ, ಸೆಕೆಂಡಿಗೆ 40 ಬಾರಿ ಬಡಿಯುವ ಸದ್ದು ಕೇಳಿಸಿತು. ಮಿದುಳಿನ ನೆನಪಿನ ಭಾಗದಲ್ಲಿ ಸೇರಿದ್ದ ಅಮಿಲಾಯ್ಡ್ ಎಂಬ ಪ್ರೋಟೀನ್ ಕಡಿಮೆಯಾಗಿ, ಇಲಿಗಳ ನೆನಪೂ ಉತ್ತಮವಾಯಿತು. ಹಾಗಂತ ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗುತ್ತೆ ಅಂತಲ್ಲ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಅಜ್ಜ–ಅಜ್ಜಿಗೆ ಮೊಬೈಲ್‌ನಲ್ಲಿ ‘40 ಹರ್ಟ್ಸ್’ ಆಡಿಯೋ ಹಾಕಿ ಕೂರಿಸುವುದು ಸರಿಯಲ್ಲ.

ಯೂಟ್ಯೂಬ್ ಆಡಿಯೋ ಕತೆ ಏನು?

‘ಬೈನಾರಲ್ ಬೀಟ್ಸ್’ ಹೆಸರಿನವು ಒಂದು ಕಿವಿಗೆ 400, ಇನ್ನೊಂದಕ್ಕೆ 410 ಹರ್ಟ್ಸ್ ಸದ್ದು ಕೊಡುತ್ತವೆ. ಕೇಳುವವರಿಗೆ ಸೆಕೆಂಡಿಗೆ 10 ಬಡಿತ ಇದ್ದ ಹಾಗೆ ಅನಿಸುತ್ತೆ. ಇದರಿಂದ ನೆನಪು ಹೆಚ್ಚುತ್ತೆ ಅನ್ನೋದರಲ್ಲಿ ಅಧ್ಯಯನಗಳಿಗೇ ಒಮ್ಮತವಿಲ್ಲ. ಲ್ಯಾಬ್‌ನ ಯಂತ್ರ ಮಲಗಿದವರ ಅಲೆ ನೋಡಿ ಸದ್ದು ಮಾಡುತ್ತೆ. ಮೊದಲೇ ರೆಕಾರ್ಡ್ ಮಾಡಿದ ಆಡಿಯೋಗೆ ಯಾರ ಅಲೆ ಯಾವಾಗ ಏಳುತ್ತೆ ಅಂತ ಗೊತ್ತಾಗಲ್ಲ.

ಮೇಲಿನ ಎರಡೂ ಪ್ರಯೋಗಗಳಲ್ಲಿ ಸದ್ದು ಕೆಲಸ ಮಾಡಿದ್ದು ಗಾಢ ನಿದ್ದೆ ಬಂದಾಗ ಮಾತ್ರ. ಬೆಳಗಿನ ಜಾವದವರೆಗೆ ಓದಿ ಎರಡು ಗಂಟೆ ಮಲಗುವವರಿಗೆ ಯಾವ ಆಡಿಯೋನೂ ಆ ನಿದ್ದೆ ತಂದುಕೊಡಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಹೊತ್ತಿಗೆ ಸರಿಯಾಗಿ ಪುಸ್ತಕ ಮುಚ್ಚಿ, ಫೋನ್ ದೂರ ಇಟ್ಟು ಮಲಗುವುದೇ ಲೇಸು.