ಇನ್ನೂರು ಗ್ರಾಂ ಇಲಿ, ಇನ್ನೂರು ಟನ್ ವಿಮಾನ

2015ರ ಡಿಸೆಂಬರ್ ಕೊನೆಯಲ್ಲಿ ಮುಂಬೈಯಿಂದ ಲಂಡನ್ನಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಇರಾನಿನವರೆಗೆ ಹೋಗಿ ಮುಂಬೈಗೇ ವಾಪಸು ಬಂತು. ಕಾರಣ, ಒಳಗೆ ಕಂಡ ಒಂದು ಇಲಿ. ಅದು ಬೋಯಿಂಗ್ ಡ್ರೀಮ್‌ಲೈನರ್. ಜನ, ಸರಕು, ಇಂಧನ ಎಲ್ಲ ತುಂಬಿಕೊಂಡು ಅದು ನೆಲ ಬಿಡಬಹುದಾದ ಗರಿಷ್ಠ ತೂಕ ಸುಮಾರು 228 ಟನ್. ಇಲಿಗೆ 200 ಗ್ರಾಂ ಎಂದು ಹಿಡಿಯಿರಿ. ಸುಮಾರು 11 ಲಕ್ಷ ಇಲಿಗಳನ್ನು ತಕ್ಕಡಿಗೆ ಹಾಕಿದರೆ ಒಂದು ವಿಮಾನಕ್ಕೆ ಸಮ! ಅಂಥ ವಿಮಾನ ಒಂದೇ ಒಂದು ಇಲಿಗಾಗಿ ಅಷ್ಟು ದೂರ ಹಿಂದಕ್ಕೆ ಹಾರಿತು.

ಪೈಲಟ್ ಮಾಡಿದ್ದು ಸರಿ. ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ವರ್ಷಕ್ಕೆ 10 ಸೆಂ.ಮೀ.ಗೂ ಹೆಚ್ಚು. ಸವೆಸದಿದ್ದರೆ ಅದಕ್ಕೆ ಉಳಿಗಾಲವಿಲ್ಲ, ಹಾಗಾಗಿ ಏನಾದರೊಂದನ್ನು ಕಡಿಯುತ್ತಲೇ ಇರಬೇಕು. ಗಡಸುತನದ ಮೋಸ್ ಅಳತೆಯಲ್ಲಿ ತಾಮ್ರಕ್ಕೆ 3 ಅಂಕವಾದರೆ ಇಲಿಯ ಹಲ್ಲಿನ ಎನಾಮೆಲ್‌ಗೆ ಸುಮಾರು 5.5. ವಿಮಾನದೊಳಗಾದರೋ ತಂತಿಯೇ ತಂತಿ. ಬೆಂಗಳೂರಿಗೂ ಬಂದಿಳಿಯುವ ದೈತ್ಯ ಏರ್‌ಬಸ್ ಎ380ರ ಹೊಟ್ಟೆಯಲ್ಲಿ 500 ಕಿ.ಮೀ.ಗೂ ಹೆಚ್ಚು ಉದ್ದದ ತಂತಿಯಿದೆ. ಇಂದಿನ ಅನೇಕ ದೊಡ್ಡ ವಿಮಾನಗಳಲ್ಲಿ ಪೈಲಟ್ಟಿನ ಕೈಯ ಆಜ್ಞೆ ರೆಕ್ಕೆಗೆ, ಬಾಲಕ್ಕೆ ತಲುಪುವುದು ಇಂಥ ತಂತಿಗಳ ಮೂಲಕವೇ. ಒಂದು ಕೆಟ್ಟರೆ ಕೆಲಸ ನಡೆಸಲು ಬದಲಿ ವ್ಯವಸ್ಥೆಗಳಿವೆ, ನಿಜ. ಆದರೆ ಇಲಿ ಯಾವ ಫಲಕದ ಹಿಂದೆ ಕೂತಿದೆ ಎಂದು ತೋರಿಸುವ ದೀಪ ಯಾವ ಕಾಕ್‌ಪಿಟ್‌ನಲ್ಲೂ ಇಲ್ಲ.

2024ರ ನವೆಂಬರಿನಲ್ಲಿ ಪೋರ್ಚುಗಲ್ಲಿನ ವಿಮಾನವೊಂದರ ಸರಕಿನ ಕೋಣೆಯಲ್ಲಿ ಹ್ಯಾಮ್‌ಸ್ಟರ್‌ಗಳು ಪಂಜರದಿಂದ ತಪ್ಪಿಸಿಕೊಂಡವು. ಸಂಖ್ಯೆ 132. ಎಲ್ಲವನ್ನೂ ಹಿಡಿಯುವವರೆಗೆ ಆ ವಿಮಾನ ದಿನಗಟ್ಟಲೆ ನೆಲದಲ್ಲೇ ನಿಂತಿತು. ಆದರೆ ಅದು ಆಗಲೇ ಇಳಿದಿತ್ತು, ಹುಡುಕಲು ಪುರುಸೊತ್ತಿತ್ತು.

ಆ ಪುರುಸೊತ್ತು ಇಲ್ಲದ ಕಡೆಯ ಲೆಕ್ಕ ನೋಡಿ. 2023ರ ಏಪ್ರಿಲ್, ದಕ್ಷಿಣ ಆಫ್ರಿಕಾ. ಎರಡು ಎಂಜಿನ್ನಿನ ಪುಟ್ಟ ಬೀಚ್‌ಕ್ರಾಫ್ಟ್ ಬ್ಯಾರನ್ 11,000 ಅಡಿ ಎತ್ತರದಲ್ಲಿತ್ತು. ಒಬ್ಬರೇ ಪೈಲಟ್, ನಾಲ್ವರು ಪ್ರಯಾಣಿಕರು. ಕ್ಯಾಬಿನ್ನಿನ ಅಗಲ ಒಂದು ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಪೈಲಟ್ಟಿನ ಸೊಂಟಕ್ಕೆ ಏನೋ ತಣ್ಣಗೆ ತಾಗಿತು. ತಿರುಗಿ ನೋಡಿದರೆ ಕೇಪ್ ನಾಗರ, ಅವರ ಸೀಟಿನಡಿಗೇ ಸರಿಯುತ್ತಿತ್ತು. ಹಿಂದಿನ ದಿನ ರೆಕ್ಕೆಯ ಕೆಳಗೆ ಹಾವು ಕಂಡಿತ್ತು; ಹುಡುಕಿದಾಗ ಸಿಗದ್ದರಿಂದ ಹೊರಟುಹೋಗಿದೆ ಎಂದುಕೊಂಡಿದ್ದರು. ಅದರ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಬಲ್ಲದು. ಚುಕ್ಕಾಣಿ ಹಿಡಿಯಲು ಇನ್ನೊಬ್ಬರಿಲ್ಲ. ಅವರು ಕಡಿಸಿಕೊಂಡರೆ ಹೋಗುವುದು ಐದು ಜೀವ.

ಹತ್ತಿರದ ವೆಲ್ಕಮ್ ನಿಲ್ದಾಣ ನೆಲಮಟ್ಟದಲ್ಲೇ 4,000 ಅಡಿಗೂ ಮೇಲಿದೆ. ಆದರೂ ಇಳಿಯಬೇಕಾದದ್ದು 6,000 ಅಡಿಗೂ ಹೆಚ್ಚು. ನಿಮಿಷಕ್ಕೆ 500 ಅಡಿಯಂತೆ ಮೆಲ್ಲಗೆ ಇಳಿದರೆ 13 ನಿಮಿಷ ಬೇಕು. ಅಷ್ಟೂ ಹೊತ್ತು ಕಾಲು ಅಲುಗಾಡಿಸದೆ ಕೂರಬೇಕು. ಇಳಿಯುವಾಗ ಅದೇ ಕಾಲುಗಳಿಂದ ಪೆಡಲ್ ಒತ್ತಲೂಬೇಕು. ಅವರು ಹಾವಿನ ವಿಷಯವನ್ನು ಪ್ರಯಾಣಿಕರಿಗೆ ತಿಳಿಸಿ, ತುರ್ತು ಸ್ಥಿತಿ ಘೋಷಿಸಿ, ವಿಮಾನವನ್ನು ನೆಟ್ಟಗೆ ನೆಲಕ್ಕಿಳಿಸಿದರು. ನನಗೆ ಈ ಎಲ್ಲ ಅಂಕಿಗಳಿಗಿಂತ ಅಚ್ಚರಿ ಎನಿಸುವುದು ಆ ಸ್ಥೈರ್ಯ. ಎಲ್ಲರನ್ನೂ ಮೊದಲು ಇಳಿಸಿ ಕೊನೆಯಲ್ಲಿ ತಾವು ಎದ್ದು ಸೀಟು ಸರಿಸಿದಾಗ ಹಾವು ಅದರಡಿ ಸುರುಳಿ ಸುತ್ತಿ ಮಲಗಿತ್ತು. ಹಿಡಿಯುವವರು ಬರುವಷ್ಟರಲ್ಲಿ ಮಾಯವಾಗಿತ್ತು. ಎಂಜಿನಿಯರುಗಳು ವಿಮಾನದ ಭಾಗಗಳನ್ನು ಬಿಚ್ಚಿ ಹುಡುಕಿದರೂ ಅದು ಸಿಗಲಿಲ್ಲ.